ತುಂಬಿದ ಬೀರುವಿನ ಬಡತನ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಮೊದಲು ಆಡಿದವರು ಯಾರೋ ತಿಳಿಯದು. ಅವರ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಇದ್ದಿರಬೇಕೆಂದು ಊಹಿಸಲು ಮಾತ್ರ ಅಡ್ಡಿಯಿಲ್ಲ. ಬೆಳಗ್ಗೆ ಉಂಡದ್ದು ಗಂಜಿಯೋ ಚಿತ್ರಾನ್ನವೋ ಎಂದು ಬೀದಿಯ ಜನ ಕೇಳುವುದಿಲ್ಲ. ಉಟ್ಟ ಸೀರೆ ಯಾವುದೆಂಬುದನ್ನು ಬಸ್ ನಿಲ್ದಾಣದಿಂದ ಕಚೇರಿಯ ಮೆಟ್ಟಿಲಿನವರೆಗೆ ಎಲ್ಲರೂ ನೋಡುತ್ತಾರೆ. ನೋಡಿದುದನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳುತ್ತಾರೆ. ‘ಹೋದ ಗೃಹಪ್ರವೇಶಕ್ಕೂ ಇದನ್ನೇ ಉಟ್ಟಿದ್ದಳಲ್ಲವೆ?’ ಎಂಬ ಒಂದು ಪಿಸುಮಾತು ಎಷ್ಟೋ ಸಂಸಾರಗಳ ತಿಂಗಳ ಲೆಕ್ಕವನ್ನು ಬುಡಮೇಲು ಮಾಡಿದೆ.

ಮಧ್ಯಮ ವರ್ಗದ ಮನೆಯ ಬೀರುವನ್ನು ತೆರೆದಾಗ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಬಾಗಿಲು ಸರಿದೊಡನೆ ಎರಡು ಸೀರೆ ಕಾಲ ಮೇಲೆ ಜಾರುತ್ತವೆ. ಒಳಗೆ ಕೈ ತೂರಿಸಲು ಎಡೆಯಿಲ್ಲ. ಆದರೂ ಗೃಹಿಣಿ ಅದರ ಮುಂದೆ ನಿಂತು ‘ಉಡಲು ಒಂದೂ ಇಲ್ಲ’ ಎನ್ನುತ್ತಾಳೆ. ಗಂಡ ಪತ್ರಿಕೆಯ ಮರೆಯಲ್ಲಿ ನಗುತ್ತಾನೆ. ಆಕೆ ಹೇಳುವುದು ಸುಳ್ಳಲ್ಲ. ಒಂದು ಸೀರೆಗೆ ರವಿಕೆ ಹೊಲಿಸಿಲ್ಲ. ಇನ್ನೊಂದರ ರವಿಕೆ ಮೂರು ವರ್ಷದಿಂದ ಬಿಗಿ. ಮತ್ತೊಂದು ಒಗೆದಾಗಲೆಲ್ಲ ಬಣ್ಣ ಬಿಟ್ಟು ನೆಂಟಸ್ತನ ಬೆಳೆಸುತ್ತದೆ. ನಾಲ್ಕನೆಯದು ಉಡುಗೊರೆಯಾಗಿ ಬಂದದ್ದು. ಉಟ್ಟರೆ ಮೈಬಣ್ಣಕ್ಕೆ ಒಪ್ಪದು, ಬಿಟ್ಟರೆ ಕೊಟ್ಟವರು ಒಪ್ಪರು. ಐದನೆಯದರ ಜರಿಯ ಭಾರ ಮದುವೆಯ ಚಪ್ಪರಕ್ಕೆ ಮಾತ್ರ ತಕ್ಕುದು. ಹೀಗೆ ನಲವತ್ತು ಸೀರೆಗಳ ನಡುವೆ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಕೈಗೆಟಕುವುವು ಐದೋ ಆರೋ. ಬೀರು ತುಂಬಿದೆ, ಉಡುಪು ಬಡವಾಗಿದೆ.

ಈ ಬಡತನ ಹಣವಿಲ್ಲದುದರಿಂದ ಬಂದುದಲ್ಲ, ಹಣ ಹೋದ ದಾರಿಯಿಂದ ಬಂದುದು. ಆದುದರಿಂದಲೇ ಅದಕ್ಕೆ ಮದ್ದೂ ಉಂಟು.

ಸಂಬಳದ ಮೊದಲ ತಿಂಗಳು

ಹುಬ್ಬಳ್ಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ನಿವೃತ್ತಿಯ ಅಂಚಿನಲ್ಲಿದ್ದಾರೆ. ಕಿರಿಯವನು ಕಾಲೇಜು ಸೇರಿದ್ದಾನೆ. ಮಗಳಿಗೆ ಖಾಸಗಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿದೆ. ತಿಂಗಳಿಗೆ 20,000 ರೂಪಾಯಿ ಸಂಬಳ. ಕಾಲೇಜಿಗೆ ಹಾಕಿಕೊಳ್ಳುತ್ತಿದ್ದ ಬಟ್ಟೆ ತರಗತಿಯ ಮುಂದೆ ನಿಲ್ಲಲು ಸಾಲದೆಂಬುದು ಮೊದಲ ವಾರದಲ್ಲೇ ಅವಳಿಗೆ ತಿಳಿಯುತ್ತದೆ. ಬಟ್ಟೆಯ ಅಂಗಡಿ ಕಂತಿನ ಸೌಲಭ್ಯ ಮುಂದಿಡುತ್ತದೆ. ಕೈಯಲ್ಲಿರುವ ಮೊಬೈಲು ‘ಇಂದೇ ಕೊನೆಯ ದಿನ’ ಎಂದು ದಿನವೂ ಹೇಳುತ್ತದೆ. ಮನೆಯೊಳಗೆ ತಾಯಿಯ ಅಂಜಿಕೆ ಬೇರೆ:

‘ಅಷ್ಟು ಮಂದಿ ಮುಂದ ನಿಂತು ಪಾಠಾ ಹೇಳಾಕಿ ನೀ. ಉಟ್ಟಿದ್ದ ಸೀರಿ ಮತ್ತ ಮತ್ತ ಉಟಗೊಂಡು ಹೋದ್ರ ಮಂದಿ ಏನಂದಾರು?’

‘ಏನರ ಅನ್ಲಿ ಬಿಡವ್ವಾ. ಕಂತು ಕಟ್ಟಾಕಿ ನಾನ ಹೌದಿಲ್ಲೋ?’

ಮಗಳ ಮಾತಿನಲ್ಲಿ ಸತ್ಯವಿದೆ. ತಾಯಿಯ ಮಾತಿನಲ್ಲಿಯೂ ಇದೆ. ಉದ್ಯೋಗಸ್ಥ ಹೆಣ್ಣಿನ ಉಡುಪನ್ನು ಲೋಕ ಗಂಡಿನ ಉಡುಪಿಗಿಂತ ಕಠಿನವಾಗಿ ತೂಗುತ್ತದೆ. ಎರಡು ಷರಾಯಿ, ನಾಲ್ಕು ಅಂಗಿಗಳಲ್ಲಿ ವರ್ಷ ಕಳೆಯುವ ಗುಮಾಸ್ತನನ್ನು ಯಾರೂ ಬೊಟ್ಟುಮಾಡುವುದಿಲ್ಲ. ಅದೇ ಕೊಠಡಿಯಲ್ಲಿ ಕುಳಿತ ಹೆಣ್ಣುಮಗಳು ಸೀರೆಯನ್ನು ಹದಿನೈದು ದಿನದೊಳಗೆ ಮತ್ತೆ ಉಟ್ಟರೆ ಅದು ಸುದ್ದಿ. ಇದು ನ್ಯಾಯವಲ್ಲ, ಆದರೂ ಇರುವ ಮಾತು. ಈ ನೋಟಕ್ಕೆ ಹೆದರಿ ಅವಳು ಆರು ತಿಂಗಳ ಕಂತಿಗೆ ಸಹಿ ಹಾಕಿದರೆ, ತಮ್ಮನ ಶುಲ್ಕಕ್ಕೆ ನೆರವಾಗಬೇಕಾದ ಹಣ, ತನ್ನ ಹೆಸರಿನಲ್ಲಿ ಮೊದಲ ಬಾರಿಗೆ ಬ್ಯಾಂಕಿನಲ್ಲಿ ಉಳಿಯಬೇಕಾದ ಹಣ, ಆರು ತೊಳೆತಕ್ಕೆ ಮಾಸುವ ನೂಲಾಗಿ ಹೋಗುತ್ತದೆ. ಮೊದಲ ಸಂಬಳವೆಂದರೆ ಹೆಣ್ಣಿನ ಸ್ವಾತಂತ್ರ್ಯದ ಮೊದಲ ಬಂಡವಾಳ. ಅದನ್ನು ಕರಗಿಸದೆ, ಆದರೆ ಕಂಡವರು ಗೌರವದಿಂದ ನೋಡುವಂತೆ ಉಡುವುದು ಹೇಗೆ ಎಂಬುದೇ ಪ್ರಶ್ನೆ.

ಬೆಲೆ ಬೇರೆ, ವೆಚ್ಚ ಬೇರೆ

ಅಂಗಡಿಯ ಚೀಟಿಯಲ್ಲಿ ಬರೆದಿರುವುದು ಬೆಲೆ. ಉಟ್ಟ ದಿನಗಳಿಂದ ಬೆಲೆಯನ್ನು ಭಾಗಿಸಿದಾಗ ಸಿಗುವುದು ವೆಚ್ಚ. ಈ ಎರಡರ ಭೇದ ತಿಳಿದ ಗೃಹಿಣಿಗೆ ಅಗ್ಗದ ಮಾಲಿನ ಮೋಹ ಅರ್ಧ ಇಳಿಯುತ್ತದೆ.

ಒಂದು ಗಟ್ಟಿಯಾದ ನೂಲಿನ ಸೀರೆಗೆ 1,800 ರೂಪಾಯಿ, ರವಿಕೆ ಮತ್ತು ಫಾಲ್ಸ್‌ಗೆ 600 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 2,400 ಆಯಿತು. ಆರು ಸೀರೆಗಳ ಸರದಿಯಲ್ಲಿ ಅದು ವರ್ಷಕ್ಕೆ ಮೂವತ್ತಾರು ಸಲ ಮೈಮೇಲೆ ಬರುತ್ತದೆ. ಎರಡು ವರ್ಷ ಬಾಳಿದರೂ ಎಪ್ಪತ್ತೆರಡು ದಿನ. ದಿನವೊಂದಕ್ಕೆ ಸುಮಾರು ಮೂವತ್ಮೂರು ರೂಪಾಯಿ. ಇನ್ನೊಂದು ಕಡೆ 900 ರೂಪಾಯಿಯ ಮಿನುಗು ಸೀರೆ. ರವಿಕೆಯ ಹೊಲಿಗೆಗೆ, ಫಾಲ್ಸಿಗೆ ಅದೂ 600 ಬೇಡುತ್ತದೆ. ದರ್ಜಿ ಸೀರೆಯ ಬೆಲೆ ನೋಡಿ ಕೂಲಿ ಇಳಿಸುವುದಿಲ್ಲ. ಹತ್ತು ಸಲ ಉಡುವಷ್ಟರಲ್ಲಿ ಅದರ ಹೊಳಪು ಹೋಯಿತೆಂದರೆ ದಿನವೊಂದಕ್ಕೆ 150 ರೂಪಾಯಿ. ಅಗ್ಗದ್ದು ಯಾವುದು, ತುಟ್ಟಿಯದು ಯಾವುದು?

ಸಮಾರಂಭದ ಸೀರೆಗೂ ಇದೇ ತಕ್ಕಡಿ. 12,000 ರೂಪಾಯಿಯ ರೇಷ್ಮೆ ಸೀರೆಯನ್ನು ವರ್ಷಕ್ಕೆ ನಾಲ್ಕು ಸಲದಂತೆ ಹತ್ತು ವರ್ಷ ಉಟ್ಟರೆ ದಿನಕ್ಕೆ 300 ರೂಪಾಯಿ. ಎರಡೇ ಸಲ ಉಟ್ಟು ಪೆಟ್ಟಿಗೆಯ ತಳಕ್ಕೆ ಸೇರಿಸಿದರೆ ಒಂದೊಂದು ದಿನದ ಬಾಡಿಗೆ 6,000. ಒಡವೆಯಂತೆ ಕೊಂಡು ಒಡವೆಯಂತೆ ಬಚ್ಚಿಡುವ ಸೀರೆಗಿಂತ ದುಬಾರಿಯಾದ ವಸ್ತು ಮನೆಯಲ್ಲಿ ಬೇರೊಂದಿಲ್ಲ.

ಮೊದಲು ಬೀರು, ಆಮೇಲೆ ಅಂಗಡಿ

ಹೊಸದನ್ನು ಕೊಳ್ಳುವ ಮುನ್ನ ಇರುವುದನ್ನು ಎಣಿಸುವುದು ವಿವೇಕ. ಒಂದು ಭಾನುವಾರ ಮಧ್ಯಾಹ್ನ ಬೀರುವಿನಲ್ಲಿರುವುದನ್ನೆಲ್ಲ ಮಂಚದ ಮೇಲೆ ಸುರಿದು ನಾಲ್ಕು ರಾಶಿ ಮಾಡಬಹುದು. ಕಳೆದ ಒಂದು ವರ್ಷದಲ್ಲಿ ಉಟ್ಟವು ಮೊದಲ ರಾಶಿ. ರವಿಕೆ ಬಿಚ್ಚಿ ಹೊಲಿಸಿದರೆ, ಫಾಲ್ಸ್ ಬದಲಿಸಿದರೆ, ಗೊಂಡೆ ಕಟ್ಟಿದರೆ ಉಡಬಹುದಾದವು ಎರಡನೆಯ ರಾಶಿ. ಅಕ್ಕತಂಗಿಯರಿಗೋ ನೆರೆಮನೆಯವರಿಗೋ ಹೆಚ್ಚು ಒಪ್ಪುವಂಥವು ಮೂರನೆಯ ರಾಶಿ. ಸೀರೆಯಾಗಿ ಆಯುಸ್ಸು ತೀರಿದವು ನಾಲ್ಕನೆಯದು.

ಹಲವು ಮನೆಗಳಲ್ಲಿ ಎರಡನೆಯ ರಾಶಿಯೇ ದೊಡ್ಡದಾಗಿರುವುದನ್ನು ಕಂಡು ಆಶ್ಚರ್ಯವಾಗಬಹುದು. ಹೊಸ ಸೀರೆಯ ನಾಲ್ಕನೆಯ ಒಂದು ಪಾಲು ಹಣದಲ್ಲಿ ಮೂರು ಹಳೆಯ ಸೀರೆಗಳು ಬಳಕೆಗೆ ಮರಳುತ್ತವೆ. ನಾಲ್ಕನೆಯ ರಾಶಿಯೂ ನಷ್ಟವಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೌದಿ ಹೊಲಿಯುತ್ತಿದ್ದರು, ಇಂದಿಗೂ ಹೊಲಿಯುವವರಿದ್ದಾರೆ. ಒಡಲು ಹರಿದ ರೇಷ್ಮೆಯ ಅಂಚು ಮಗುವಿನ ಲಂಗಕ್ಕೆ ಬರುತ್ತದೆ. ನಿಜವಾದ ಬೆಳ್ಳಿಯ ಜರಿಯಿದ್ದರೆ ಅದನ್ನು ತೂಕಕ್ಕೆ ಕೊಳ್ಳುವ ವ್ಯಾಪಾರಿಗಳೂ ಉಂಟು.

ಇನ್ನು ಆ ಹುಬ್ಬಳ್ಳಿಯ ಉಪಾಧ್ಯಾಯಿನಿಯ ವರ್ಷದ ಲೆಕ್ಕ. ಸಂಬಳದಲ್ಲಿ ನೂರಕ್ಕೆ ಆರರಂತೆ ತಿಂಗಳಿಗೆ 1,200 ರೂಪಾಯಿಯನ್ನು ಉಡುಪಿಗೆಂದು ತೆಗೆದಿರಿಸಿದರೆ ವರ್ಷಕ್ಕೆ 14,400 ಆಗುತ್ತದೆ. 1,500 ರೂಪಾಯಿಯಂತೆ ನಾಲ್ಕು ನೂಲಿನ ಸೀರೆಗೆ 6,000. ಬಟ್ಟೆ, ಹೊಲಿಗೆ ಸೇರಿ ನಾಲ್ಕು ರವಿಕೆಗೆ 2,400. ಒಳಲಂಗ, ಫಾಲ್ಸ್‌ಗಳಿಗೆ 1,000. ಮಳೆಗಾಲಕ್ಕೆ, ಆಟೋಟದ ದಿನಕ್ಕೆಂದು ಎರಡು ಜೊತೆ ಸಲ್ವಾರ್ ಕಮೀಜಿಗೆ 2,000. ಒಂದು ಜೊತೆ ಚಪ್ಪಲಿಗೆ 1,000. ಒಂದು ಕೈಚೀಲಕ್ಕೆ 1,000. ಉಳಿದ 1,000 ದುರಸ್ತಿಗೆ, ಇಸ್ತ್ರಿಗೆ. ತಾಯಿಯ ಟ್ರಂಕಿನಿಂದ ಎರಡು ಸೀರೆ ಎರವಲು ಬಂದರೆ ಆರು ದಿನಕ್ಕೆ ಆರು ಸೀರೆ. ಇದನ್ನೆಲ್ಲ ಒಂದೇ ದಿನ ಕೊಳ್ಳಬೇಕಾಗಿಲ್ಲ. ಎರಡು ತಿಂಗಳಿಗೊಮ್ಮೆ, ಕೈಯಲ್ಲಿ ಹಣ ಕೂಡಿದ ಮೇಲೆ, ಒಂದೊಂದಾಗಿ ಕೊಂಡರೆ ಕಂತಿನ ಮಾತೇ ಏಳದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಮುದುರಿ ಮಲಗುವುದೆಂದಲ್ಲ. ಹಾಸಿಗೆಯ ಉದ್ದ ಎಷ್ಟೆಂದು ತಿಳಿದಿರುವುದು.

ನಾಲ್ಕು ರವಿಕೆಗಳ ಜಾಣ್ಮೆ

ಸೀರೆಯ ಜೊತೆಯಲ್ಲಿಯೇ ಬರುವ ರವಿಕೆಯ ತುಂಡು ಅನುಕೂಲವೂ ಹೌದು, ಬಂಧನವೂ ಹೌದು. ಆ ರವಿಕೆ ಆ ಒಂದು ಸೀರೆಗೆ ಮಾತ್ರ ಮೀಸಲು. ಅದರ ಬದಲು ಎಲ್ಲಕ್ಕೂ ಒಪ್ಪುವ ನಾಲ್ಕು ರವಿಕೆಗಳು ಒಳ್ಳೆಯ ಹೊಲಿಗೆಯಲ್ಲಿ ಇದ್ದರೆ ಆರು ಸೀರೆಗಳೊಡನೆ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಜೋಡಿಗಳಾಗುತ್ತವೆ. ಅವುಗಳಲ್ಲಿ ಒಂಬತ್ತು ಹೊಂದದೆ ಹೋದರೂ ಹದಿನೈದು ಉಳಿದುವು. ಅಂದರೆ ಎರಡೂವರೆ ವಾರ ಯಾವ ಜೋಡಿಯೂ ಮರುಕಳಿಸದು. ಪಿಸುಮಾತಿನವರ ಸ್ಮರಣಶಕ್ತಿ ಅಷ್ಟು ದೂರ ಸಾಮಾನ್ಯವಾಗಿ ಬಾರದು.

ಇದಕ್ಕೆ ಬೇಕಾದುದು ಬಣ್ಣಗಳ ಒಡಂಬಡಿಕೆ. ಕಂಡ ಕಂಡ ಬಣ್ಣವನ್ನು ಕೊಳ್ಳುವ ಬದಲು ಎರಡು ಮೂರು ಬಣ್ಣಗಳನ್ನು ತನ್ನವೆಂದು ಆರಿಸಿಕೊಂಡು ಅವುಗಳ ಸುತ್ತಲೇ ಕೊಳ್ಳುತ್ತ ಹೋಗಬೇಕು. ಕಡುನೀಲಿ, ಬದನೆಯ ಬಣ್ಣ, ಎಲೆಹಸಿರು ಎಂದಿಟ್ಟುಕೊಂಡರೆ ಕೆಂಪು, ಕಪ್ಪು, ಸಾಸಿವೆಹಳದಿ, ಕೆನೆಬಣ್ಣದ ರವಿಕೆಗಳು ಬಹುಪಾಲು ಹೊಂದುತ್ತವೆ. ಬಣ್ಣ ಮುಖಕ್ಕೆ ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನು ಅಂಗಡಿಯ ಬೆಳ್ಳನೆಯ ದೀಪದಡಿ ತೀರ್ಮಾನಿಸಬಾರದು. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಯ ಬಾಗಿಲಿಗೆ ಬಂದು ಹಗಲಿನ ಬೆಳಕಿನಲ್ಲಿ ಕನ್ನಡಿ ನೋಡಬೇಕು. ಮಾರುವವರು ಬೇಸರಿಸಿದರೂ ಚಿಂತೆಯಿಲ್ಲ, ಉಡುವವರು ಅವರಲ್ಲ.

ಇಂತಹ ರವಿಕೆಗಳಿಗೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣಕ್ಕೆ ಸಮನಾದ ಬಟ್ಟೆ ವಿರಳ. ಹಿಂದೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಕುಪ್ಪಸಕ್ಕೆಂದೇ ನೇಯುತ್ತಿದ್ದ ಈ ಬಟ್ಟೆಯ ಮೈತುಂಬ ಸಣ್ಣ ಬುಟ್ಟಿ, ಅಂಚಿನಲ್ಲಿ ಗೆರೆ. ಬರಿಯ ನೂಲಿನ ಸಾದಾ ಸೀರೆಯೂ ಒಂದು ಖಣದ ಕುಪ್ಪಸದೊಡನೆ ಹಬ್ಬದ ಕಳೆ ಪಡೆಯುತ್ತದೆ.

ನಾಡಿನ ಮಗ್ಗಗಳು ಕೊಟ್ಟುದು

ಗಟ್ಟಿಯಾಗಿಯೂ ಚೆಲುವಾಗಿಯೂ ಕೈಗೆಟಕುವ ಬೆಲೆಯಲ್ಲಿಯೂ ಉಡಬೇಕೆಂಬವರು ದೂರ ಹುಡುಕಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯದೇ ಆದ ಇಳಕಲ್ಲಿನ ಸೀರೆಯನ್ನು ನೋಡಬಹುದು. ಒಡಲು ಸಾಮಾನ್ಯವಾಗಿ ನೂಲಿನದು. ಸೆರಗು, ಅಂಚುಗಳು ರೇಷ್ಮೆಯವು ಅಥವಾ ಕೃತಕ ರೇಷ್ಮೆಯವು. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಕೊಂಡಿಯಾಗಿ ಸೇರಿಸುವುದು ಅಲ್ಲಿನ ನೇಕಾರರ ವಿಶೇಷ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪತೆನಿ, ಗೋಮಿ ದಡಿ, ಗಾಡಿ ದಡಿ ಎಂಬ ಹೆಸರುಗಳು ಅಲ್ಲಿಯ ಮನೆಮಾತು. ಶುದ್ಧ ರೇಷ್ಮೆಯ ಸೆರಗಿನದಕ್ಕೂ ಕೃತಕ ರೇಷ್ಮೆಯದಕ್ಕೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಯಾವುದೆಂದು ಕೇಳಿ ಕೊಳ್ಳುವುದು ಲೇಸು. ದಿನಬಳಕೆಗೆ ಎರಡನೆಯದೇ ಸಾಕು.

ಗದಗ ಜಿಲ್ಲೆಯ ಗಜೇಂದ್ರಗಡದ ಸುತ್ತ ನೇಯುತ್ತಿದ್ದ ಪಟ್ಟೇದ ಅಂಚಿನ ಸೀರೆ ಮಿತವ್ಯಯದ ಪಾಠವೇ ಸರಿ. ಚೌಕಳಿಯ ಒಡಲು, ಅಗಲವಾದ ಅಂಚು. ಎರಡು ತುದಿಗಳಲ್ಲಿಯೂ ಸೆರಗು. ಹೊಲದಲ್ಲಿ ದುಡಿಯುವ ಹೆಂಗಸರು ಯಾವ ತುದಿಯಿಂದ ಬೇಕಾದರೂ, ಯಾವ ಮಗ್ಗುಲಿನಿಂದ ಬೇಕಾದರೂ ಉಡುತ್ತಿದ್ದರು. ಹಾಗಾಗಿ ಸವೆತ ಒಂದೇ ಕಡೆ ಬೀಳುತ್ತಿರಲಿಲ್ಲ. ಮರೆಯಾಗುತ್ತಿದ್ದ ಈ ಸೀರೆ ಮರಳಿ ನೇಯ್ಗೆಗೆ ಬಂದು ಈಗ ನಗರದ ಕಚೇರಿಗಳಲ್ಲಿ ಕಾಣಿಸಿಕೊಂಡಿದೆ.

ಕರಾವಳಿಯ ಸೆಕೆಗೆ ಉಡುಪಿ ಸೀರೆ ತಕ್ಕುದು. ತೆಳುವಾದ ನೂಲು, ಹಗುರ ಮೈ, ಸಣ್ಣ ಅಂಚು. ನೇಯುವವರು ಬೆರಳೆಣಿಕೆಗೆ ಇಳಿದಿದ್ದ ಕಾಲದಲ್ಲಿ ಕಿನ್ನಿಗೋಳಿಯ ಬಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘವೂ ಕದಿಕೆ ಟ್ರಸ್ಟೂ ಅದಕ್ಕೆ ಮತ್ತೆ ಜೀವ ತುಂಬಿದುವು. ಇಳಕಲ್, ಉಡುಪಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಮೈಸೂರು ರೇಷ್ಮೆ, ಈ ನಾಲ್ಕು ಸೀರೆಗಳಿಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ.

ಕೈಮಗ್ಗದ ನೂಲಿನ ಸೀರೆ ಹಳ್ಳಿಗಾಡಿನದೆಂದು ಪೇಟೆಯವರು ಮೂಗು ಮುರಿಯುತ್ತಿದ್ದ ಕಾಲವೊಂದಿತ್ತು. ಅದನ್ನು ವಿದ್ಯಾವಂತ ಹೆಣ್ಣಿನ ಸಭಾಯೋಗ್ಯ ಉಡುಪಾಗಿ ನಿಲ್ಲಿಸಿದವರಲ್ಲಿ 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮುಖ್ಯರು. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ಮೊದಲ ಅಧ್ಯಕ್ಷೆ ಅವರೇ. 1905ರ ಸ್ವದೇಶಿ ಚಳವಳಿ ಆರಂಭವಾದ ಆಗಸ್ಟ್ 7ನ್ನು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ, ನೇಕಾರರ ಸಹಕಾರ ಸಂಘಗಳಲ್ಲಿ ರಿಯಾಯಿತಿಯ ದಿನಗಳನ್ನು ಕಾದು ಕೊಳ್ಳುವುದರಿಂದ ಕೊಳ್ಳುವವರಿಗೂ ಲಾಭ, ನೇಯುವವರಿಗೂ ಅನ್ನ.

ರೇಷ್ಮೆ: ಒಂದು, ಆದರೆ ನಿಜವಾದುದು

ನೂಲಿನ ಸೀರೆಗಳು ದಿನದ ಅನ್ನವಾದರೆ ರೇಷ್ಮೆ ಹಬ್ಬದ ಹೋಳಿಗೆ. ಹೋಳಿಗೆ ಒಂದೇ ಸಾಕು. ಹೂರಣ ಮಾತ್ರ ಸರಿಯಾಗಿರಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಚೆನ್ನಾಗಿ ಹುರಿಗೊಳಿಸಿದ ನೂಲಿನಿಂದ ನೇಯುವ ಅಲ್ಲಿನ ಕ್ರೇಪ್ ಸೀರೆ ಮೈಗೆ ಹತ್ತಿ ನಿಲ್ಲುತ್ತದೆ, ಸುಲಭವಾಗಿ ಸುಕ್ಕಾಗುವುದಿಲ್ಲ. ಅಜ್ಜಿ ಉಟ್ಟದ್ದನ್ನು ಮೊಮ್ಮಗಳು ಉಡುವ ಮನೆಗಳು ಹಳೆಯ ಮೈಸೂರು ಸೀಮೆಯಲ್ಲಿ ಹಲವಿವೆ. ಇಂದು ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಮೊದಲ ವರ್ಷದಲ್ಲೇ ಅದನ್ನು ಕೊಳ್ಳಬೇಕೆಂಬ ಹಟ ಬೇಡ. ತಿಂಗಳಿಗಿಷ್ಟೆಂದು ಬ್ಯಾಂಕಿನಲ್ಲಿ ಕೂಡಿಟ್ಟು ಮೂರನೆಯ ವರ್ಷ ನಗದು ಕೊಟ್ಟು ತಂದರೆ ಅದರ ನಿರಿಗೆ ಹಿಡಿಯುವಾಗಿನ ಸುಖವೇ ಬೇರೆ.

ನಿಜವಾದ ರೇಷ್ಮೆಯ ಹೆಸರಿನಲ್ಲಿ ಪಾಲಿಯೆಸ್ಟರ್ ಮಾರುವವರಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ‘ಸಿಲ್ಕ್ ಮಾರ್ಕ್’ ಎಂಬ ಗುರುತು ಬಳಕೆಯಲ್ಲಿದೆ. ಶುದ್ಧ ರೇಷ್ಮೆಗೆ ಅದು ಸಾಕ್ಷಿ. ಕೈಮಗ್ಗದ ಬಟ್ಟೆಗೆ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಬೇರೆ ಗುರುತಿದೆ. ಮನೆಯಲ್ಲಿಯೇ ಪರೀಕ್ಷಿಸುವ ಹಳೆಯ ವಿಧಾನವೊಂದುಂಟು. ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ಇಕ್ಕುಳದಲ್ಲಿ ಹಿಡಿದು ದೀಪಕ್ಕೆ ತೋರಿಸಿದರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಿಗೆ ಪುಡಿಯಾಗುವ ಬೂದಿ ಉಳಿಸುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯೂ ‘ಆರ್ಟ್ ಸಿಲ್ಕ್’ ಎಂದು ಮಾರುವ ವಿಸ್ಕೋಸ್ ನೂಲೂ ಕಾಗದ ಉರಿದ ವಾಸನೆ ಬೀರುತ್ತವೆ. ಹಾಸುನೂಲು ಒಂದು, ಹೊಕ್ಕುನೂಲು ಇನ್ನೊಂದು ಆಗಿರುವುದೂ ಉಂಟಾದ್ದರಿಂದ ಎರಡು ದಿಕ್ಕಿನ ಎಳೆಗಳನ್ನೂ ನೋಡಬೇಕು.

ಹಣವಿದ್ದವರು ಜರಿ ಸೇರಿಸುತ್ತಾರೆ. ಬಿಡುವಿದ್ದವರು ಕಸೂತಿ ಸೇರಿಸಬಹುದು. ಧಾರವಾಡ ಸೀಮೆಯ ಕಸೂತಿ ಚಿತ್ರ ಬರೆದು ಹೊಲಿಯುವಂಥದಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುವಂಥದು. ಗಾವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅದರ ಚಿತ್ತಾರಗಳು. ಬೇಸಗೆಯ ರಜೆಯಲ್ಲಿ ಸಾದಾ ಸೀರೆಯೊಂದರ ಸೆರಗಿಗೆ ಸ್ವಂತ ಕೈಯಿಂದ ನಾಲ್ಕು ಸಾಲು ಕಸೂತಿ ಹಾಕಿದವಳ ಸೀರೆ ಊರಿನ ಯಾವ ಅಂಗಡಿಯಲ್ಲಿಯೂ ಸಿಗದು. ಅದನ್ನು ಎರಡನೆಯ ಸಲ ಉಟ್ಟರೆ ‘ಮತ್ತೆ ಅದೇ’ ಎನ್ನುವವರಿಲ್ಲ, ‘ಮತ್ತೊಮ್ಮೆ ತೋರಿಸು’ ಎನ್ನುವವರೇ.

ಹೊಲಿಗೆ ಮತ್ತು ಜೋಪಾನ

ಸಾವಿರ ರೂಪಾಯಿಯ ಸೀರೆಯನ್ನು ಹತ್ತು ಸಾವಿರದ್ದಾಗಿ ಕಾಣಿಸುವುದೂ, ಹತ್ತು ಸಾವಿರದ್ದನ್ನು ಸಾವಿರದ್ದಾಗಿ ಇಳಿಸುವುದೂ ರವಿಕೆಯ ಹೊಲಿಗೆಯೇ. ಹೆಗಲಿನಲ್ಲಿ ಜಾರದೆ, ಕಂಕುಳಲ್ಲಿ ಹಿಡಿಯದೆ ಕೂರುವ ರವಿಕೆ ಹೊಲಿಯುವ ದರ್ಜಿಯನ್ನು ಕಂಡುಕೊಂಡ ಮೇಲೆ ಹತ್ತು ರೂಪಾಯಿಯ ಉಳಿತಾಯಕ್ಕೆ ಅವರನ್ನು ಬಿಡಬಾರದು. ಅಸ್ತರಿನ ಬಟ್ಟೆಯನ್ನೂ ಫಾಲ್ಸನ್ನೂ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಹೊಲಿಗೆಗೆ ಕೊಡಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಅಸ್ತರು ಕುಗ್ಗಿ ರವಿಕೆ ಮುದುಡುತ್ತದೆ, ಸೀರೆಯ ಕೆಳಅಂಚು ಸುರುಟುತ್ತದೆ. ಪಕ್ಕದ ಹೊಲಿಗೆಯ ಒಳಗೆ ಒಂದೂವರೆ ಅಂಗುಲ ಬಟ್ಟೆ ಬಿಡಿಸಿದರೆ ವಯಸ್ಸಿನೊಡನೆ ಮೈ ತುಂಬಿದಾಗ ಹೊಸ ರವಿಕೆ ಬೇಕಾಗದು.

ಒಗೆಯುವುದರಲ್ಲಿಯೂ ನಿಯಮವಿದೆ. ಹೊಸ ನೂಲಿನ ಸೀರೆಯನ್ನು ಮೊದಲ ಎರಡು ಮೂರು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ಅನ್ನದ ಗಂಜಿಯ ತಿಳಿ ನೂಲಿಗೆ ಖಡಕ್ಕು ತರುತ್ತದೆ. ಆದರೆ ಬಹಳ ಕಾಲ ಎತ್ತಿಡುವ ಸೀರೆಗೆ ಗಂಜಿ ಕೂಡದು. ಹುಳುಗಳಿಗೆ ಅದು ಔತಣ. ಮಡಿಕೆಯಲ್ಲಿ ಬಟ್ಟೆ ಬಿರಿಯುವುದೂ ಅದರಿಂದಲೇ. ರೇಷ್ಮೆಯನ್ನು ಉಟ್ಟು ಬಂದೊಡನೆ ಮಡಿಸಬಾರದು. ಬೆವರಿನ ತೇವ ಆರಲೆಂದು ಗಾಳಿಯಲ್ಲಿ, ಬಿಸಿಲು ತಾಗದಂತೆ ಹರವಿಡಬೇಕು. ಹಳೆಯ ಬಿಳಿಪಂಚೆಯ ತುಂಡಿನಲ್ಲಿ ಸುತ್ತಿಟ್ಟರೆ ಗಾಳಿಯಾಡುತ್ತದೆ. ಪ್ಲಾಸ್ಟಿಕ್ ಚೀಲ ತೇವವನ್ನು ಹಿಡಿದಿಡುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಜರಿ ಅದೇ ಗೆರೆಯಲ್ಲಿ ಮುರಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಒಣಗಿದ ಬೇವಿನೆಲೆ, ಲವಂಗಗಳ ಸಣ್ಣ ಗಂಟು ಸಾಕು. ಇದಿಷ್ಟೂ ಖರ್ಚಿಲ್ಲದ ಕೆಲಸ. ಆದರೆ ಸೀರೆಯ ಆಯುಸ್ಸನ್ನು ಇಷ್ಟು ಹೆಚ್ಚಿಸುವ ವಸ್ತು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ.

ನೋಟವನ್ನು ತಿದ್ದುವ ಬಗೆ

ಕೊನೆಯಲ್ಲಿ ಉಳಿಯುವುದು ಪರರ ನೋಟ. ಅದನ್ನು ಪೂರ್ಣವಾಗಿ ಕಡೆಗಣಿಸೆಂದು ಬೋಧಿಸುವುದು ಸುಲಭ. ದಿನವೂ ಆ ನೋಟದ ಮುಂದೆ ನಡೆಯಬೇಕಾದವರಿಗೆ ಅದು ಸುಲಭವಲ್ಲ. ಆದರೆ ಆ ನೋಟವನ್ನು ಬೆಳೆಸುವುದೂ ತಗ್ಗಿಸುವುದೂ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿದೆ. ಮದುವೆಯ ಮನೆಯಲ್ಲಿ ‘ಹೊಸದೇನು?’ ಎಂದು ಕೇಳುವ ಬದಲು ‘ಎಷ್ಟು ವರ್ಷದ್ದು, ಹೇಗೆ ಇಟ್ಟುಕೊಂಡಿದ್ದೀರಿ?’ ಎಂದು ಒಬ್ಬ ಹಿರಿಯ ಮುತ್ತೈದೆ ಕೇಳಿದರೆ ಸುತ್ತ ಕುಳಿತ ಹತ್ತು ಹುಡುಗಿಯರ ಮನಸ್ಸು ಹಗುರವಾಗುತ್ತದೆ. ಅಕ್ಕತಂಗಿಯರು, ಓರಗಿತ್ತಿಯರು ಸಮಾರಂಭದ ಸೀರೆಗಳನ್ನು ಪರಸ್ಪರ ಬದಲಿಸಿಕೊಂಡು ಉಟ್ಟರೆ ಮೂವರ ಮೂರು ರೇಷ್ಮೆ ಒಬ್ಬೊಬ್ಬರಿಗೂ ಮೂರಾಗುತ್ತದೆ. ಹಬ್ಬಕ್ಕೆ ಉಡುಗೊರೆ ಕೊಡುವವರು ಅಗ್ಗದ ಮೂರು ಸೀರೆ ಹಂಚುವ ಬದಲು ಮೂರು ವರ್ಷಕ್ಕೊಮ್ಮೆ ಒಂದು ಒಳ್ಳೆಯ ಸೀರೆ ಕೊಟ್ಟರೆ ಅದು ಬೀರುವಿನಲ್ಲಿ ಕೊಳೆಯದು. ಗಂಡಸರ ಪಾಲಿನ ಕರ್ತವ್ಯವೂ ಒಂದುಂಟು. ಪತ್ರಿಕೆಯ ಮರೆಯಲ್ಲಿ ನಗುವುದನ್ನು ಬಿಟ್ಟು ಭಾನುವಾರ ಆ ನಾಲ್ಕು ರಾಶಿ ಮಾಡುವಾಗ ಒಂದು ಕೈ ಹಿಡಿದರೆ ಮನೆಯ ಲೆಕ್ಕವೂ ತಿಳಿಯುತ್ತದೆ, ಮನೆಯೊಡತಿಯ ಕಷ್ಟವೂ ತಿಳಿಯುತ್ತದೆ.

ಸೊಗಸೆಂಬುದು ಸೀರೆಗಳ ಸಂಖ್ಯೆಯಲ್ಲಿಲ್ಲ. ಸಮನಾದ ನಿರಿಗೆ, ನೆಟ್ಟಗೆ ನಿಂತ ಸೆರಗು, ಅಳತೆಗೊಪ್ಪುವ ರವಿಕೆ, ಒರೆಸಿದ ಚಪ್ಪಲಿ, ಇವಿಷ್ಟರ ಮೇಲೆ ಯಾರಿಗೂ ಸಾಲವಿಲ್ಲವೆಂಬ ನೆಮ್ಮದಿ ಸೇರಿದಾಗ ಅದು ತಾನಾಗಿ ಬರುತ್ತದೆ. ತಿಂಗಳ ಮೊದಲ ತಾರೀಖಿನಂದು ಕಂತಿನವರ ಕರೆಗೆ ಅಂಜದೆ, ಆರನೆಯ ಸಲ ಉಟ್ಟ ಇಳಕಲ್ ಸೀರೆಯ ಸೆರಗನ್ನು ಸರಿಪಡಿಸಿಕೊಂಡು ತರಗತಿಯೊಳಗೆ ಕಾಲಿಡುವ ಉಪಾಧ್ಯಾಯಿನಿಯನ್ನು ಕಂಡು ಮಕ್ಕಳು ಎದ್ದು ನಿಲ್ಲುತ್ತಾರೆ. ಅವಳ ಸೀರೆ ಹೊಸದೋ ಹಳೆಯದೋ ಎಂದು ಎಣಿಸುವ ಮಗು ಅಲ್ಲಿ ಒಂದೂ ಇರುವುದಿಲ್ಲ.